ಒಂದು ಮನೆಗೆ ಎಷ್ಟು ಕಾಯಿ?

ಯುದ್ಧದಾಟಗಳ ನಿಯಮಪುಸ್ತಕದಲ್ಲಿ ಅತ್ಯಂತ ಚಿಕ್ಕದಾಗಿದ್ದು ಅತ್ಯಂತ ದೊಡ್ಡ ಜಗಳಗಳಿಗೆ ಕಾರಣವಾಗುವ ನಿಯಮ ಯಾವುದೆಂದು ಯಾರಾದರೂ ಕೇಳಿದರೆ, ನಾನು ಹಿಂದೆಮುಂದೆ ನೋಡದೆ ಹೇಳುವುದು ಪೇರಿಕೆಯ ನಿಯಮವನ್ನು. ಒಬ್ಬ ಆಟಗಾರನ ಎಷ್ಟು ಕಾಯಿಗಳು ಒಂದೇ ಮನೆಯಲ್ಲಿ ಒಂದರ ಮೇಲೊಂದು ಕೂರಬಹುದು ಎಂಬುದೇ ಆ ನಿಯಮ. ಇಂಗ್ಲಿಷಿನಲ್ಲಿ ಸ್ಟ್ಯಾಕಿಂಗ್ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಆ ಒಂದು ಸಾಲಿನಲ್ಲಿ ಹೇಳದೆ ಬಿಟ್ಟದ್ದೇ ಹೆಚ್ಚು ಎಂಬುದು ನನ್ನ ದೂರು.

ಬಂಧುಗಳಲ್ಲಿ ಹಲವರಿಗೆ ಈ ಆಟಗಳ ಪರಿಚಯವಿರಲಾರದು; ಅವರಿಗಾಗಿ ನಾಲ್ಕು ಮಾತು. ಇವು ಮೇಜಿನ ಮೇಲೆ ನಕ್ಷೆ ಹರಡಿ ಆಡುವ ಆಟಗಳು. ನಕ್ಷೆಯ ಮೇಲೆ ಜೇನುಗೂಡಿನಂತೆ ಷಟ್ಕೋನದ ಮನೆಗಳಿರುತ್ತವೆ, ಇಲ್ಲವೇ ಊರಿಂದೂರಿಗೆ ಗೆರೆ ಎಳೆದ ದಾರಿಗಳಿರುತ್ತವೆ. ಕಾಯಿಗಳು ಅರ್ಧ ಇಂಚಿನ ರಟ್ಟಿನ ಚೂರುಗಳು. ಒಂದೊಂದರ ಮೇಲೂ ಆ ದಳದ ಹೆಸರು, ಬಲ, ನಡಿಗೆಯ ಅಂಕಿ ಅಚ್ಚಾಗಿರುತ್ತವೆ. ಅಮೆರಿಕದ ಬಾಲ್ಟಿಮೋರಿನ ಚಾರ್ಲ್ಸ್ ರಾಬರ್ಟ್ಸ್ ಎಂಬಾತ 1954ರಲ್ಲಿ ‘ಟ್ಯಾಕ್ಟಿಕ್ಸ್’ ಎಂಬ ಆಟವನ್ನು ಮಾರಾಟಕ್ಕೆ ತಂದು, 1958ರಲ್ಲಿ ಆವಲಾನ್ ಹಿಲ್ ಎಂಬ ಕಂಪನಿಯನ್ನು ಕಟ್ಟಿದಂದಿನಿಂದ ಈ ಬಗೆಯ ಆಟಗಳು ಸಾವಿರಾರು ಬಂದಿವೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ನಾಲ್ಕಾರು ಮಂದಿ ಇವುಗಳಲ್ಲಿ ಮುಳುಗಿದ್ದಾರೆ. ಚರಿತ್ರೆಯ ಪಾಠದಲ್ಲಿ ಆಕಳಿಸುತ್ತಿದ್ದವರೇ ಇಂದು 1914ರ ಆಗಸ್ಟ್ ತಿಂಗಳ ದಿನಚರಿಯನ್ನು ನನಗೆ ಹೇಳಿಕೊಡುವಷ್ಟು ಬಲಿತಿದ್ದಾರೆ ಎಂಬುದು ನನಗೆ ಸಂತೋಷವನ್ನೂ ಒಂದಿಷ್ಟು ಮತ್ಸರವನ್ನೂ ತಂದಿದೆ.

ಪೇರಿಕೆ ನಮಗೆ ಹೊಸದೇನಲ್ಲ. ಚದುರಂಗದಲ್ಲಿ ಒಂದು ಮನೆಗೆ ಒಂದೇ ಕಾಯಿ. ಆಡು-ಹುಲಿ ಆಟದಲ್ಲಿಯೂ ಅಷ್ಟೆ. ಆದರೆ ಚೌಕಾಬಾರವನ್ನು ನೆನೆಯಿರಿ. ಕಟ್ಟೆಮನೆಯಲ್ಲಿ ಯಾರ ಕಾಯಿ ಎಷ್ಟು ಬೇಕಾದರೂ ಕೂಡಿ ಕೂರಬಹುದು, ಕಡಿಯುವಂತಿಲ್ಲ. ಬೇರೆ ಮನೆಯಲ್ಲಿ ನನ್ನವೇ ಎರಡು ಕಾಯಿ ಸೇರಿದರೆ? ಕೆಲವು ಮನೆತನಗಳಲ್ಲಿ ಅದು ‘ಗಟ್ಟಿ’. ಒಂಟಿ ಕಾಯಿ ಅದನ್ನು ಮುಟ್ಟುವಂತಿಲ್ಲ. ಕೆಲವರಲ್ಲಿ ಅಂಥ ಮಾತೇ ಇಲ್ಲ, ಎರಡನ್ನೂ ಒಟ್ಟಿಗೆ ಕಡಿದು ಮನೆಗೆ ಕಳುಹಿಸುತ್ತಾರೆ. ಹೊಸ ಸೊಸೆ ಬಂದ ಮನೆಯಲ್ಲಿ ಮೊದಲ ಹಬ್ಬದ ರಾತ್ರಿ ಚೌಕಾಬಾರ ಹಾಕಿದಾಗ ಈ ಗಟ್ಟಿಯ ವಿಷಯದಲ್ಲಿ ಮಾತು ಬಿಗಿಯಾದುದನ್ನು ನಾನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದೇನೆ. ನಿಯಮ ಬರೆದಿಟ್ಟಿರಲಿಲ್ಲವಾದುದರಿಂದ ತೀರ್ಪು ಯಾವಾಗಲೂ ಅತ್ತೆಯದೇ ಆಗಿರುತ್ತಿತ್ತು.

ಈ ‘ಅತ್ತೆಯ ತೀರ್ಪು’ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ. ಏಕೆಂದರೆ ನನ್ನ ವಾದವೆಲ್ಲ ಅದರ ಸುತ್ತಲೇ ಇದೆ.

ಎರಡು ಬೇಸಗೆಗಳ ಹಿಂದೆ ವಿದೇಶದಲ್ಲಿರುವ ಶಿಷ್ಯನೊಬ್ಬ ಹಳೆಯ ಪೆಟ್ಟಿಗೆಯೊಂದನ್ನು ತಂದುಕೊಟ್ಟ. ಯಾರು ತಯಾರಿಸಿದ ಆಟವೆಂದು ಹೇಳುವುದಿಲ್ಲ; ನೆಪೋಲಿಯನ್ ಕಾಲದ ಒಂದು ಯುದ್ಧದ್ದು, ಷಟ್ಕೋನದ ನಕ್ಷೆಯದು. ರಜೆಗೆ ಬಂದಿದ್ದ ಮಕ್ಕಳು ನಮ್ಮ ನಡುಮನೆಯಲ್ಲಿ ಅದನ್ನು ಹರಡಿಕೊಂಡರು. ಹದಿನೇಳು ವರ್ಷದ ಹುಡುಗನೊಬ್ಬ ಒಂದು ಕಡೆ, ಹನ್ನೆರಡು ವರ್ಷದ ಹುಡುಗಿಯೊಬ್ಬಳು ಇನ್ನೊಂದು ಕಡೆ. ಪುಸ್ತಕದಲ್ಲಿ ಪೇರಿಕೆಯ ಬಗ್ಗೆ ಇದ್ದದ್ದು ಇಷ್ಟೇ: ಒಂದು ಮನೆಯಲ್ಲಿ ಎರಡು ದಳಗಳಿಗಿಂತ ಹೆಚ್ಚು ಇರಕೂಡದು. ಆಟದ ನಡುವೆ ಹುಡುಗಿಯ ದಳವೊಂದು ಸೋತು ಹಿಮ್ಮೆಟ್ಟಬೇಕಾಯಿತು. ಹಿಂದಿನ ಮನೆಯಲ್ಲಿ ಆಗಲೇ ಅವಳವೇ ಎರಡು ದಳಗಳಿದ್ದವು. “ಜಾಗವಿಲ್ಲ, ಆದ್ದರಿಂದ ದಳ ನಾಶ” ಎಂದ ಹುಡುಗ. “ಹಾದು ಅದರ ಹಿಂದಿನ ಮನೆಗೆ ಹೋಗುತ್ತೇನೆ” ಎಂದಳು ಹುಡುಗಿ. “ಹಾದುಹೋಗುವಾಗಲೂ ಮೂರು ಆಗುತ್ತದಲ್ಲ?” ಎಂದು ಅವನ ಉತ್ತರ. “ಪುಸ್ತಕದಲ್ಲಿ ಹಾಗಿದೆಯೇ?” ಎಂದು ಅವಳು ಕೇಳಿದಳು. “ಎಲ್ಲರೂ ಹೀಗೆಯೇ ಆಡುವುದು” ಎಂದ. ಅವಳು ಕಾಯಿಯನ್ನು ತೆಗೆದು ಪೆಟ್ಟಿಗೆಯೊಳಗಿಟ್ಟಳು. ಅದೇ ಸರದಿಯಲ್ಲಿ ಹಾಗೆಯೇ ಇನ್ನೊಂದು ದಳವೂ ಹೋಯಿತು. ಆ ರಜೆಯಲ್ಲಿ ಅವಳು ಮತ್ತೆ ಆ ನಕ್ಷೆಯ ಬಳಿ ಕೂರಲಿಲ್ಲ.

ಹುಡುಗ ಮೋಸಗಾರನಲ್ಲ. ಅವನಿಗೆ ತನ್ನ ಅರ್ಥವೇ ಸರಿಯೆಂಬ ನಂಬಿಕೆಯಿತ್ತು. ಪುಸ್ತಕ ಮೌನವಾಗಿದ್ದಾಗ ವಯಸ್ಸು ಮಾತಾಡಿತು, ಅಷ್ಟೆ. ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಗಳಲ್ಲಿ ನಿಂತವನಾಗಿ ನಾನು ಹೇಳಬಲ್ಲೆ: ಅಸ್ಪಷ್ಟ ನಿಯಮದಿಂದ ಇಬ್ಬರಿಗೂ ಸಮನಾದ ನಷ್ಟವಾಗುವುದಿಲ್ಲ. ಅದು ಯಾವಾಗಲೂ ಚಿಕ್ಕವರ, ಹೊಸಬರ, ಮೆಲುದನಿಯವರ ಕಡೆಗೇ ಬೀಳುತ್ತದೆ. ಆದುದರಿಂದ ಪೇರಿಕೆಯ ನಿಯಮವನ್ನು ಸ್ಪಷ್ಟಪಡಿಸುವುದು ಆಟದ ಹುಚ್ಚಿನವರ ಕೂದಲು ಸೀಳುವ ಕೆಲಸವೆಂದು ನಗುವವರೊಡನೆ ನನಗೆ ಸಹಮತವಿಲ್ಲ.

ಹಾಗಾದರೆ ಆ ಒಂದು ಸಾಲಿನಲ್ಲಿ ಇಲ್ಲದ್ದು ಏನು? ಮೊದಲನೆಯದಾಗಿ, ‘ದಳ’ ಎಂದರೆ ಏನೆಂಬುದೇ ಇಲ್ಲ. ಸೇನಾಪತಿಯ ಕಾಯಿ ಎಣಿಕೆಗೆ ಬರುತ್ತದೆಯೇ? ಸರಬರಾಜಿನ ಬಂಡಿ? ಅರ್ಧ ಬಲ ಕಳೆದುಕೊಂಡ ದಳವೂ ಒಂದೇ, ಪೂರ್ಣ ಬಲದ ದಳವೂ ಒಂದೇ ಎಂದು ಎಣಿಸಬೇಕೆ? ಎರಡನೆಯದು, ಯಾವಾಗ ಎಣಿಸಬೇಕು ಎಂಬುದು ಇಲ್ಲ. ಪ್ರತಿ ಹೆಜ್ಜೆಗೂ ಎಣಿಸಬೇಕೋ, ನಡಿಗೆಯೆಲ್ಲ ಮುಗಿದ ಮೇಲೆ ಒಮ್ಮೆ ಎಣಿಸಿದರೆ ಸಾಕೋ? ಮೂರನೆಯದು, ಮಿತಿ ಮೀರಿದರೆ ಏನಾಗುತ್ತದೆ ಎಂಬುದು ಇಲ್ಲ. ಕಾನೂನಿನಲ್ಲಿ ಅಪರಾಧವನ್ನು ಹೇಳಿ ಶಿಕ್ಷೆಯನ್ನು ಹೇಳದಿದ್ದಂತೆ.

ಉತ್ತರ ಹೇಳಿರುವ ಆಟಗಳೂ ಇವೆ. ಮೊದಲ ಮಹಾಯುದ್ಧವನ್ನು ಕುರಿತ ‘ಪಾತ್ಸ್ ಆಫ್ ಗ್ಲೋರಿ’ ಎಂಬ ಆಟ 1999ರಲ್ಲಿ ಬಂದಿತು. ರಚಿಸಿದವರು ಟೆಡ್ ರೈಸರ್, ಪ್ರಕಟಿಸಿದವರು ಜಿಎಂಟಿ ಗೇಮ್ಸ್. ಅಲ್ಲಿ ಒಂದು ಊರಿನಲ್ಲಿ ಮೂರು ದಳಗಳು. ದೊಡ್ಡ ಕಾಯಿಯಾದ ಆರ್ಮಿಯೂ ಒಂದೇ, ಸಣ್ಣ ಕಾಯಿಯಾದ ಕೋರ್ ಕೂಡ ಒಂದೇ. ಕೋಟೆಗಳು ಎಣಿಕೆಗೆ ಇಲ್ಲ. ಎಣಿಸುವುದು ನಡೆ ಮುಗಿದ ಮೇಲೆ. ಮೂರು ಆರ್ಮಿಗಳು ಬೀಡುಬಿಟ್ಟ ಊರಿನ ಮೂಲಕ ನಾಲ್ಕನೆಯದು ಹಾದುಹೋಗಲು ಅಡ್ಡಿಯಿಲ್ಲ, ತಂಗಲು ಮಾತ್ರ ಜಾಗವಿಲ್ಲ. ಇಷ್ಟನ್ನು ಓದಿದವನಿಗೆ ನಮ್ಮ ನಡುಮನೆಯ ಜಗಳಗಳಲ್ಲಿ ಅರ್ಧದಷ್ಟು ಹುಟ್ಟುವುದೇ ಇಲ್ಲ.

ಆದರೆ ಇಷ್ಟು ಸ್ಪಷ್ಟವಾದ ನಿಯಮವನ್ನು ಓದಿಯೂ ಒಬ್ಬ ಶಿಷ್ಯ ನನಗೆ ಬರೆದ ಪ್ರಶ್ನೆ ಅರ್ಥಪೂರ್ಣವಾಗಿದೆ. “ಸಾರ್, ಒಂದು ಆರ್ಮಿಯೊಳಗೆ ಹಲವು ಕೋರ್‌ಗಳಿರುತ್ತವೆ ಎಂದು ನೀವೇ ಹೇಳಿಕೊಟ್ಟಿದ್ದಿರಿ. ಹಾಗಿರುವಾಗ ಎರಡನ್ನೂ ಒಂದೊಂದೇ ಎಂದು ಎಣಿಸುವುದು ಚರಿತ್ರೆಗೆ ಮಾಡಿದ ಅನ್ಯಾಯವಲ್ಲವೆ?” 1914ರಲ್ಲಿ ಫೋನ್ ಕ್ಲುಕ್‌ನ ಜರ್ಮನ್ ಒಂದನೆಯ ಆರ್ಮಿಯಲ್ಲಿ ಸುಮಾರು 3,20,000 ಮಂದಿಯಿದ್ದರು, ಒಂದು ಕೋರ್ ಎಂದರೆ ಸುಮಾರು ನಲವತ್ತು ಸಾವಿರ. ಆನೆಯನ್ನೂ ಆಡನ್ನೂ ತಲೆ ಎಣಿಸಿ ಒಂದೇ ದೊಡ್ಡಿಗೆ ಕೂಡಿದಂತೆ ಕಾಣುತ್ತದೆ, ನಿಜ.

ನನ್ನ ಸಮಾಧಾನ ಇದು. ಇಂಥ ಆಟದಲ್ಲಿ ಪೇರಿಕೆಯ ಮಿತಿ ನಿಂತಿರುವುದು ಮನುಷ್ಯರಿಗೆ ನಿಲ್ಲಲು ನೆಲವಿದೆಯೇ ಎಂಬುದರ ಮೇಲಲ್ಲ. ನಕ್ಷೆಯ ಒಂದು ಊರು ನೂರಾರು ಚದರ ಕಿಲೋಮೀಟರುಗಳನ್ನು ಪ್ರತಿನಿಧಿಸುತ್ತದೆ; ನಿಲ್ಲಲು ಅಲ್ಲಿ ಹತ್ತು ಲಕ್ಷ ಜನರಿಗೂ ಜಾಗವಿದೆ. ಇಲ್ಲದಿರುವುದು ರಸ್ತೆ, ರೈಲು, ರೊಟ್ಟಿ, ಕುದುರೆಯ ಮೇವು, ಆಜ್ಞೆ ಸಾಗಿಸುವ ವ್ಯವಸ್ಥೆ. ಆ ಕಾಲದ ಒಂದು ಕೋರ್ ತನ್ನ ತೋಪು, ಬಂಡಿಗಳೊಡನೆ ಒಂದೇ ರಸ್ತೆಯಲ್ಲಿ ನಡೆದರೆ ಇಪ್ಪತ್ತು ಮೂವತ್ತು ಕಿಲೋಮೀಟರು ಉದ್ದವಾಗುತ್ತಿತ್ತು. ಮುಂದಿನವರು ಸಂಜೆ ಬೀಡುಬಿಡುವ ಹೊತ್ತಿಗೆ ಬಾಲದವರು ಬೆಳಗಿನ ಊರನ್ನು ಬಿಟ್ಟಿರುತ್ತಿದ್ದರೋ ಇಲ್ಲವೋ. ಹಾಗಾಗಿ ಇಂಥ ಆಟದ ಮಿತಿ ಒಂದು ಒರಟು ಅಂದಾಜು, ಸೂಕ್ಷ್ಮ ತಕ್ಕಡಿಯಲ್ಲ. ಇದರಲ್ಲೊಂದು ಅನುಕೂಲವೂ ಇದೆ: ಯುದ್ಧದಲ್ಲಿ ಆರ್ಮಿಯೊಂದು ಸವೆದು ನಾಶವಾದಾಗ ಅದರ ಜಾಗಕ್ಕೆ ಮೀಸಲಿನಿಂದ ಒಂದು ಕೋರ್ ಬರುತ್ತದೆ. ಎರಡನ್ನೂ ಒಂದೇ ಎಂದು ಎಣಿಸಿರುವುದರಿಂದ ಅಟ್ಟಿಯ ಲೆಕ್ಕ ಕೆಡುವುದಿಲ್ಲ. ಆಟ ರಚಿಸುವವನು ಎಲ್ಲೋ ಒಂದು ಕಡೆ ಸುಳ್ಳು ಹೇಳಲೇಬೇಕು. ಎಲ್ಲಿ ಹೇಳಿದರೆ ಕಡಮೆ ಹಾನಿ ಎಂಬುದನ್ನು ಅವನು ಬಲ್ಲವನಾಗಿರಬೇಕು.

ಇನ್ನು ಹಾದುಹೋಗುವ ಪ್ರಶ್ನೆ. ಚರಿತ್ರೆ ಓದಿದವರು ಇಲ್ಲಿ ಆಕ್ಷೇಪಿಸಬಹುದು. ಡಚ್ಚರ ನೆಲವನ್ನು ಮುಟ್ಟಕೂಡದೆಂದು ಕಿರಿಯ ಮೋಲ್ಟ್‌ಕೆ ತೀರ್ಮಾನಿಸಿದ್ದರಿಂದ, 1914ರಲ್ಲಿ ಜರ್ಮನಿಯ ಒಂದನೆಯ ಮತ್ತು ಎರಡನೆಯ ಆರ್ಮಿಗಳು, ಅಂದರೆ ಆರು ಲಕ್ಷದಷ್ಟು ಜನ, ಆಖೆನ್ ಪಟ್ಟಣದ ಬಳಿಯ ಕಿರಿದಾದ ಕೊರಕಲಿನಲ್ಲಿ ನುಸುಳಿ ಬೆಲ್ಜಿಯಮ್ಮಿಗೆ ಇಳಿಯಬೇಕಾಯಿತು. ಎದುರಿಗೆ ಲಿಯೇಜಿನ ಹನ್ನೆರಡು ಕೋಟೆಗಳು. ಕೊನೆಯ ಕೋಟೆ ಬಿದ್ದದ್ದು ಆಗಸ್ಟ್ 16ರಂದು. ಹಾದುಹೋಗುವುದೇ ಅಲ್ಲಿ ದೊಡ್ಡ ಕಷ್ಟವಾಗಿತ್ತು. ಹಾಗಿರುವಾಗ ಆಟದಲ್ಲಿ ಧಾರಾಳವಾಗಿ ಹಾದುಹೋಗಲು ಬಿಡುವುದು ಸರಿಯೆ?

ಸರಿ ಎಂದೇ ನನ್ನ ಅಭಿಪ್ರಾಯ. ಕಾರಣ, ಕಾಲದ ಅಳತೆ. ಆ ಆಟದಲ್ಲಿ ಮೊದಲ ಕೆಲವು ಸರದಿಗಳನ್ನು ಬಿಟ್ಟರೆ ಒಂದೊಂದು ಸರದಿಯೂ ಒಂದೊಂದು ಋತು. ಮೂರು ತಿಂಗಳಲ್ಲಿ ಒಂದು ಸೈನ್ಯ ಇನ್ನೊಂದರ ನಡುವೆ ದಾಟಿಹೋಗಲು ಬೇಕಾದಷ್ಟು ಸಮಯವಿದೆ. ಕೆಲವು ದಿನಗಳ ನೂಕುನುಗ್ಗಲು ಅಷ್ಟು ದೊಡ್ಡ ಜರಡಿಯಲ್ಲಿ ನಿಲ್ಲುವುದಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು 1977ರಲ್ಲಿ ಜಾನ್ ಹಿಲ್ ರಚಿಸಿದ ‘ಸ್ಕ್ವಾಡ್ ಲೀಡರ್’. ಅಲ್ಲಿ ಒಂದು ಷಟ್ಕೋನವೆಂದರೆ ನಲವತ್ತು ಮೀಟರು, ಒಂದು ಸರದಿಯೆಂದರೆ ಎರಡು ನಿಮಿಷ. ಎರಡು ನಿಮಿಷದಲ್ಲಿ ಕಿರಿದಾದ ಓಣಿಯಲ್ಲಿ ಮೂವತ್ತು ಜನರ ನಡುವೆ ಇನ್ನೂ ಹತ್ತು ಜನ ನುಗ್ಗಿದರೆ ಏನಾಗುತ್ತದೆಂಬುದನ್ನು ಜಾತ್ರೆಯಲ್ಲಿ ರಥಬೀದಿ ದಾಟಿದವರೆಲ್ಲ ಬಲ್ಲರು. ಅಲ್ಲಿ ದಟ್ಟಣೆಯೂ ಯುದ್ಧದ ಒಂದು ಭಾಗ.

ಆದುದರಿಂದ ನಾನು ಹೇಳುವುದಿಷ್ಟು: ಎಷ್ಟು ಎಂಬ ಪ್ರಶ್ನೆಗೆ ಉತ್ತರ ನೆಲದ ಅಳತೆಯಲ್ಲಿದೆ, ಯಾವಾಗ ಎಂಬ ಪ್ರಶ್ನೆಗೆ ಉತ್ತರ ಕಾಲದ ಅಳತೆಯಲ್ಲಿದೆ. ಒಂದು ಮನೆ ಎಷ್ಟು ಅಗಲ, ಒಂದು ಸರದಿ ಎಷ್ಟು ಹೊತ್ತು ಎಂಬುದನ್ನು ಪುಸ್ತಕ ಹೇಳಿ, ಮಿತಿಗೆ ಕಾರಣವನ್ನೂ ಒಂದು ವಾಕ್ಯದಲ್ಲಿ ಹೇಳಿದರೆ, ಬರೆಯದೆ ಬಿಟ್ಟ ಸಂದರ್ಭಗಳನ್ನು ಹನ್ನೆರಡು ವರ್ಷದ ಮಗುವೂ ತರ್ಕಿಸಿ ಬಿಡಿಸಬಲ್ಲದು. ಕಾರಣವಿಲ್ಲದ ಸಂಖ್ಯೆ ಮಾತ್ರ ಕೊಟ್ಟರೆ ಗಟ್ಟಿ ಗಂಟಲಿನವರು ಬೇಕು.

ಲೆಕ್ಕ ಹಾಕುವುದು ಕಷ್ಟವೇನಲ್ಲ. ಕಪ್ಪುಹಲಗೆಯ ಅಭ್ಯಾಸ ಬಿಟ್ಟುಹೋಗಿಲ್ಲವಾದುದರಿಂದ ಇಲ್ಲಿಯೇ ಮಾಡಿ ತೋರಿಸುತ್ತೇನೆ. ನೆಪೋಲಿಯನ್ ಕಾಲದ ಒಂದು ಪದಾತಿ ಬೆಟಾಲಿಯನ್‌ನಲ್ಲಿ 600 ಮಂದಿ ಎಂದಿಟ್ಟುಕೊಳ್ಳಿ. ಭುಜಕ್ಕೆ ಭುಜ ತಾಗಿಸಿ ನಿಂತ ಒಬ್ಬನಿಗೆ ಸುಮಾರು ಎರಡು ಅಡಿ ಬೇಕು. ಫ್ರೆಂಚರಂತೆ ಮೂರು ಸಾಲಾಗಿ ನಿಂತರೆ ಸಾಲಿಗೆ 200 ಮಂದಿ, ಅಂದರೆ 400 ಅಡಿ. ಬ್ರಿಟಿಷರಂತೆ ಎರಡು ಸಾಲಾಗಿ ನಿಂತರೆ 600 ಅಡಿ. ನಕ್ಷೆಯ ಮನೆ 1,200 ಅಡಿ ಅಗಲವಿದ್ದರೆ ಅಕ್ಕಪಕ್ಕದಲ್ಲಿ ಮೂರು ಫ್ರೆಂಚ್ ಬೆಟಾಲಿಯನ್ನುಗಳು ನಿಲ್ಲಬಹುದು, ಇಲ್ಲವೇ ಎರಡು ಬ್ರಿಟಿಷ್ ಬೆಟಾಲಿಯನ್ನುಗಳು. ಒಂದೇ ಮನೆಗೆ ಎರಡು ಪಕ್ಷಗಳಿಗೆ ಎರಡು ಮಿತಿ ಇರುವುದು ಪಕ್ಷಪಾತವಾಗಿರಬೇಕಾಗಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

“ಒಂದರ ಹಿಂದೆ ಒಂದು ನಿಲ್ಲಿಸಿದರೆ ಇನ್ನೂ ಹೆಚ್ಚು ಹಿಡಿಯುತ್ತದಲ್ಲ ಸಾರ್?” ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳಲೇಬೇಕು. ಹಿಡಿಯುತ್ತದೆ. ವಾಟರ್ಲೂವಿನಲ್ಲಿ, 1815ರ ಜೂನ್ 18ರ ಮಧ್ಯಾಹ್ನ, ದೆರ್ಲೋನ್‌ನ ಕೋರ್ ಮಾಡಿದ್ದು ಅದನ್ನೇ. ಅವನ ಡಿವಿಜನ್ನುಗಳಲ್ಲಿ ಕೆಲವು ಎಂಟೊಂಬತ್ತು ಬೆಟಾಲಿಯನ್ನುಗಳನ್ನು ಒಂದರ ಬೆನ್ನಿಗೊಂದರಂತೆ ಸಾಲುಕಟ್ಟಿ ದಿಬ್ಬವನ್ನೇರಿದವು. ಅದು ನೆಲದ ಮೇಲಿನ ನಿಜವಾದ ಅಟ್ಟಿ. ಮುಂದಿನ ಬೆಟಾಲಿಯನ್ನಿನ ಕೋವಿಗಳು ಮಾತ್ರ ಸಿಡಿಯಬಲ್ಲವು. ಹಿಂದಿನವರು ಮುಂದಿನವರ ಬೆನ್ನು ನೋಡುತ್ತ ನಡೆದರು. ತೋಪಿನ ಗುಂಡು ಬಿದ್ದರೆ ಒಂದೇ ಗುಂಡು ಹತ್ತಾರು ಸಾಲು ಸೀಳಿತು. ಬ್ರಿಟಿಷ್ ಕುದುರೆಸವಾರರು ಮೇಲೆರಗಿದಾಗ ಚೌಕವ್ಯೂಹ ಕಟ್ಟಿಕೊಳ್ಳಲು ಆ ದಟ್ಟಣೆಯಲ್ಲಿ ಸ್ಥಳವಿರಲಿಲ್ಲ. ಆಟದಲ್ಲಿ ಎಂಟು ಕಾಯಿ ಪೇರಿಸಿ ಎಂಟರ ಬಲವನ್ನೂ ಕೂಡಿಸಿ ದಾಳ ಉರುಳಿಸಲು ಬಿಟ್ಟರೆ ದೆರ್ಲೋನ್ ಗೆದ್ದುಬಿಡುತ್ತಾನೆ. ಆದುದರಿಂದಲೇ ಕೆಲವು ಆಟಗಳಲ್ಲಿ ಅಟ್ಟಿಯ ಮೇಲಿನ ಕಾಯಿ ಮಾತ್ರ ಗುಂಡು ಹಾರಿಸಬಹುದು. ಪೆಟ್ಟು ಮಾತ್ರ ಎಲ್ಲಕ್ಕೂ.

ಇಲ್ಲಿಂದ ಮೂರನೆಯ ಪ್ರಶ್ನೆಗೆ, ಮಿತಿ ಮೀರಿದರೆ ಏನು ಎಂಬುದಕ್ಕೆ ಬರುತ್ತೇನೆ. ಹೆಚ್ಚಿನ ಪುಸ್ತಕಗಳು ‘ಇರಕೂಡದು’ ಎಂದು ಕೈತೊಳೆದುಕೊಳ್ಳುತ್ತವೆ. ಯುದ್ಧದಲ್ಲಿ ಕೂಡದು ಎಂಬುದಿಲ್ಲ, ಬೆಲೆ ಇದೆ. 1415ರಲ್ಲಿ ಅಜಿನ್‌ಕೂರಿನ ಕೆಸರುಗದ್ದೆಯಲ್ಲಿ ಕವಚ ತೊಟ್ಟ ಫ್ರೆಂಚರು ಎಷ್ಟು ಒತ್ತಾಗಿ ಸೇರಿದರೆಂದರೆ ಕೈಯೆತ್ತಿ ಆಯುಧ ಬೀಸಲಾರದೆ ಹೋದರು. ಅದಕ್ಕಿಂತ ಕಣ್ಣಿಗೆ ಕಟ್ಟುವ ನಿದರ್ಶನ ಅಮೆರಿಕದ ಅಂತರ್ಯುದ್ಧದಲ್ಲಿದೆ. ವರ್ಜೀನಿಯಾದ ಪೀಟರ್ಸ್‌ಬರ್ಗ್ ಮುತ್ತಿಗೆಯಲ್ಲಿ ಉತ್ತರದವರ 48ನೆಯ ಪೆನ್ಸಿಲ್ವೇನಿಯಾ ದಳ (ಅದರಲ್ಲಿ ಕಲ್ಲಿದ್ದಲು ಗಣಿಯ ಕೆಲಸಗಾರರು ಬಹಳ ಮಂದಿ) ಶತ್ರುವಿನ ಕೋಟೆಯ ಕೆಳಗೆ ಐನೂರು ಅಡಿ ಸುರಂಗ ತೋಡಿ 8,000 ಪೌಂಡು ಸಿಡಿಮದ್ದನ್ನು ತುಂಬಿತು. 1864ರ ಜುಲೈ 30ರ ಮುಂಜಾನೆ ಅದು ಸಿಡಿದು ಮೂವತ್ತು ಅಡಿ ಆಳದ ಹಳ್ಳವಾಯಿತು. ಹಳ್ಳದ ಅಂಚನ್ನು ಬಳಸಿ ಮುಂದೆ ಹೋಗಬೇಕಾಗಿದ್ದ ಸೈನಿಕರು ಹಳ್ಳದೊಳಕ್ಕೇ ಇಳಿದರು. ಅವರ ಹಿಂದೆ ಇನ್ನೊಂದು ದಳ, ಅದರ ಹಿಂದೆ ಮತ್ತೊಂದು. ಹತ್ತಲಾರದೆ, ತಿರುಗಲಾರದೆ, ಗುಂಡು ತುಂಬಲು ಮೊಣಕೈ ಆಡಿಸಲಾರದೆ ನಿಂತವರ ಮೇಲೆ ದಕ್ಷಿಣದವರು ಅಂಚಿನಿಂದ ಗುಂಡು ಸುರಿದರು. ಆ ದಿನ ಉತ್ತರದವರಿಗಾದ ಸಾವುನೋವು, ಸೆರೆ ಎಲ್ಲ ಸೇರಿ ಸುಮಾರು 3,800.

ಅಲ್ಲಿ ಯಾವ ನಿಯಮಪುಸ್ತಕವೂ ನಾಲ್ಕನೆಯ ದಳವನ್ನು ತಡೆಯಲಿಲ್ಲ. ಆಟವೂ ತಡೆಯಬೇಕಾಗಿಲ್ಲ, ಬೆಲೆ ಕಟ್ಟಿದರೆ ಸಾಕು. ‘ಸ್ಕ್ವಾಡ್ ಲೀಡರ್’ ಬೆಳೆದು 1985ರಲ್ಲಿ ‘ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್’ ಆದಾಗ ಆ ಹಾದಿಯನ್ನೇ ಹಿಡಿಯಿತು. ಒಂದು ಜಾಗಕ್ಕೆ ಮೂರು ಸ್ಕ್ವಾಡುಗಳು ಸರಾಗ, ಎರಡು ಅರ್ಧ ಸ್ಕ್ವಾಡುಗಳು ಒಂದಕ್ಕೆ ಸಮ. ಅದಕ್ಕಿಂತ ಹೆಚ್ಚು ತುಂಬಿದರೆ ನಿಮ್ಮ ಗುಂಡಿನ ಬಲ ಕುಗ್ಗುತ್ತದೆ, ಶತ್ರುವಿನ ಗುಂಡಿನ ಬಲ ಹಿಗ್ಗುತ್ತದೆ. ಮೂರು ಸಮಯಗಳಲ್ಲಿ ಎರಡು ಸಲ ಯಾರೂ ಆ ಸಾಹಸಕ್ಕೆ ಹೋಗುವುದಿಲ್ಲ. ಮೂರನೆಯ ಸಲ, ಬೇರೆ ದಾರಿಯೇ ಇಲ್ಲದಾಗ, ಕಣ್ಣುತೆರೆದು ಹೋಗುತ್ತಾರೆ. ಅದನ್ನು ನಾನು ಉತ್ತಮ ನಿಯಮ ಎನ್ನುತ್ತೇನೆ.

ಅದೇ ಆಟದ ಹೆಸರೆತ್ತಿದರೆ ಎದುರುವಾದವೂ ಬರುತ್ತದೆ. ಅದರ ನಿಯಮಪುಸ್ತಕ ಇಟ್ಟಿಗೆಯಷ್ಟು ದಪ್ಪ. ಹಾಳೆಗಳನ್ನು ಬಿಚ್ಚಿ ಸೇರಿಸಲು ಬರುವ ಕಡತದ ರೂಪದಲ್ಲಿ ಅದನ್ನು ಮಾಡಿರುವುದೇ ತಿದ್ದುಪಡಿಯ ಪುಟಗಳನ್ನು ಬದಲಿಸಿಕೊಳ್ಳಲೆಂದು. “ಎಲ್ಲವನ್ನೂ ಸ್ಪಷ್ಟಪಡಿಸಹೊರಟರೆ ಇದೇ ಗತಿ ಸಾರ್, ಆಡಲು ಉಳಿಯುವುದು ವಕೀಲರು ಮಾತ್ರ” ಎಂದು ಒಬ್ಬ ಶಿಷ್ಯ, ಸ್ವತಃ ವಕೀಲ, ಹೇಳಿದ್ದುಂಟು. ಅವನ ಮಾತಿನಲ್ಲಿ ಹುರುಳಿದೆ. ಈ ಬೇಸರ ಹಳೆಯದು ಕೂಡ. ಪ್ರಷ್ಯಾದ ರೈಸ್ವಿಟ್ಜ್ ಎಂಬ ತೋಪಿನ ದಳದ ಅಧಿಕಾರಿ 1824ರಲ್ಲಿ ತನ್ನ ತಂದೆಯ ಆಟವನ್ನು ತಿದ್ದಿ ಸೈನ್ಯಕ್ಕೆ ಒಪ್ಪಿಸಿದ. ‘ಕ್ರೀಗ್ಸ್‌ಸ್ಪೀಲ್’ ಎಂದು ಹೆಸರು. 1:8000 ಅಳತೆಯ ನಕ್ಷೆ, ಎರಡು ನಿಮಿಷದ ಸರದಿ, ದಾಳ, ನಡುವೆ ಒಬ್ಬ ತೀರ್ಪುಗಾರ. ಅಲ್ಲಿನ ಜಾಣತನವೆಂದರೆ ಕಾಯಿಗಳನ್ನು ದಳಗಳ ನಿಜವಾದ ಅಗಲಕ್ಕೆ ಸರಿಹೊಂದುವಂತೆ ಅಳತೆಗೆ ಕತ್ತರಿಸಿದ್ದರು. ಸೇತುವೆಯ ಮೇಲೆ ಕಾಯಿ ಹಿಡಿಯದಿದ್ದರೆ ದಳವೂ ಹಿಡಿಯುವುದಿಲ್ಲ, ಅಷ್ಟೆ. ಪೇರಿಕೆಯ ನಿಯಮವೇ ಬೇಕಿಲ್ಲ! ಆದರೂ ಉಳಿದ ಕೋಷ್ಟಕಗಳ ಭಾರ ಹೆಚ್ಚಿ, 1870ರ ದಶಕದಲ್ಲಿ ಮೆಕೆಲ್, ಫೆರ್ಡಿ ದು ವೆರ್ನ್ವಾ ಮುಂತಾದ ಅಧಿಕಾರಿಗಳು ಕಟ್ಟುನಿಟ್ಟಿನ ನಿಯಮಗಳ ವಿರುದ್ಧ ಬರೆದರು; ಅನುಭವಿಯಾದ ತೀರ್ಪುಗಾರನ ವಿವೇಕವೇ ಸಾಕೆಂಬುದು ಫೆರ್ಡಿಯ ನಿಲುವು.

ಪ್ರಷ್ಯಾದ ಸೈನ್ಯದಲ್ಲಿ ಅಂಥ ತೀರ್ಪುಗಾರ ಸಿಗುತ್ತಿದ್ದ. ನಮ್ಮ ನಡುಮನೆಯಲ್ಲಿ ಸಿಗುವುದಿಲ್ಲ. ಸಿಗುವವನು ಪೆಟ್ಟಿಗೆಯ ಒಡೆಯ, ಇಲ್ಲವೇ ವಯಸ್ಸಿನಲ್ಲಿ ಹಿರಿಯ. ಮತ್ತೆ ಅತ್ತೆಯ ತೀರ್ಪು. ಕಂಪನಿಯನ್ನೇ ಕೇಳಬಹುದಲ್ಲ ಎಂದರೆ, ಆವಲಾನ್ ಹಿಲ್‌ನವರ ಕಾಲದಲ್ಲಿ ಆ ಪದ್ಧತಿಯೂ ಇತ್ತು: ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆಯೊಡನೆ, ಒಂದೇ ಪದದಲ್ಲಿ ಉತ್ತರಿಸಬಹುದಾದಂತೆ ಪ್ರಶ್ನೆ ಬರೆದು ಕಳುಹಿಸಬೇಕು. ಉತ್ತರ ಬರುವ ಹೊತ್ತಿಗೆ ನಕ್ಷೆಯನ್ನು ಮಡಿಸಿಟ್ಟು ಎಷ್ಟೋ ದಿನವಾಗಿರುತ್ತಿತ್ತು. ಈಗ ಜಿಎಂಟಿಯವರು ತಿದ್ದಿದ ನಿಯಮಗಳನ್ನು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಹಾಕುತ್ತಾರೆ, ಅದಕ್ಕೆ ‘ಜೀವಂತ ನಿಯಮಗಳು’ ಎಂಬ ಅರ್ಥದ ಹೆಸರನ್ನೂ ಇಟ್ಟಿದ್ದಾರೆ. ಇದು ಮೆಚ್ಚತಕ್ಕದ್ದು. ಅಂಚೆಯವರನ್ನು ನೆನೆದಾಗ ನೆನಪಾಯಿತು: 1959ರಲ್ಲಿ ‘ಡಿಪ್ಲೊಮಸಿ’ ಎಂಬ ಪ್ರಸಿದ್ಧ ಆಟವನ್ನು ಪ್ರಕಟಿಸಿದ ಆಲನ್ ಕ್ಯಾಲ್‌ಹಮರ್ ಮುಂದೆ ಬಹುಕಾಲ ಅಂಚೆಯ ಬಟವಾಡೆ ಮಾಡಿ ಬದುಕಿದವರು. 1901ರ ಯೂರೋಪಿನ ಆ ಆಟದಲ್ಲಿ ಒಂದು ಪ್ರಾಂತಕ್ಕೆ ಒಂದೇ ಕಾಯಿ. ಸಮಬಲದ ಇಬ್ಬರು ಒಂದೇ ಪ್ರಾಂತಕ್ಕೆ ನುಗ್ಗಿದರೆ ಇಬ್ಬರೂ ಒಳಹೋಗುವಂತಿಲ್ಲ. ಎಷ್ಟು, ಯಾವಾಗ, ಮೀರಿದರೆ ಏನು ಎಂಬ ಮೂರೂ ಎರಡು ವಾಕ್ಯಗಳಲ್ಲಿ ಮುಗಿದವು. ಸ್ಪಷ್ಟತೆಗೆ ದಪ್ಪ ಪುಸ್ತಕ ಬೇಕೆಂಬುದಕ್ಕೆ ಇದೇ ಉತ್ತರ.

ನಮ್ಮ ಮನೆಯ ಆ ಹಳೆಯ ಪೆಟ್ಟಿಗೆಗೆ ನಾನು ಒಂದು ಚೀಟಿಯನ್ನು ಬರೆದು ಅಂಟಿಸಿದ್ದೇನೆ. ಅದರ ಒಕ್ಕಣೆ ಹೀಗಿದೆ: “ಒಂದು ಮನೆಯಲ್ಲಿ ಒಂದು ಪಕ್ಷದ ಎರಡು ದಳಗಳು ತಂಗಬಹುದು. ಸೇನಾಪತಿಯೂ ಬಂಡಿಯೂ ಎಣಿಕೆಗೆ ಇಲ್ಲ. ಎಣಿಸುವುದು ನಡಿಗೆ ಮುಗಿದಾಗ ಒಮ್ಮೆ, ಕಾಳಗ ಮುಗಿದಾಗ ಒಮ್ಮೆ, ಹಾದುಹೋಗುವವರನ್ನು ಎಣಿಸಬಾರದು. ಹಿಮ್ಮೆಟ್ಟುವ ದಳದ ಹಿಂದಿನ ಮನೆ ತುಂಬಿದ್ದರೆ ಅದು ಇನ್ನೂ ಒಂದು ಮನೆ ಹಿಂದಕ್ಕೆ ಸರಿಯಲಿ. ಅದೂ ತುಂಬಿದ್ದರೆ ಮಾತ್ರ ನಾಶ. ಕಾರಣ: ಇಲ್ಲಿ ಒಂದು ಸರದಿಯೆಂದರೆ ಒಂದು ಗಂಟೆ. ಸೋತವರು ಸ್ನೇಹಿತರ ಸಾಲುಗಳ ನಡುವೆ ನುಸುಳಿ ಹಿಂದೆ ಹೋಗಲು ಒಂದು ಗಂಟೆ ಸಾಕು, ಅಲ್ಲಿಯೇ ನಿಂತು ಕಾದಾಡಲು ಸ್ಥಳ ಸಾಲದು.” ಆ ಹುಡುಗನಿಗೆ ಇದನ್ನು ತೋರಿಸಿದೆ. ಓದಿ, “ಒಂದು ಗಂಟೆ ಎಂಬುದನ್ನು ನಾನು ಗಮನಿಸಿರಲಿಲ್ಲ” ಎಂದ. ಹುಡುಗಿ ಓದಿ, “ಹಾಗಾದರೆ ನನ್ನ ಎರಡನೆಯ ದಳ ಸಾಯಬೇಕಾದದ್ದೇ, ಹಿಂದಿನ ಎರಡು ಮನೆಗಳೂ ತುಂಬಿದ್ದವು, ಮೊದಲನೆಯದು ಮಾತ್ರ ಉಳಿಯುತ್ತಿತ್ತು” ಎಂದಳು. ಒಂದು ವರ್ಷದ ಹಿಂದಿನ ಸ್ಥಾನಗಳು ಅವಳಿಗೆ ನೆನಪಿದ್ದವು!

ಉಳಿದಿರುವುದು ಒಂದು ಸಣ್ಣ ವಿಷಯ, ಎದುರಾಳಿಯ ಅಟ್ಟಿಯನ್ನು ಎತ್ತಿ ನೋಡಬಹುದೇ ಎಂಬುದು. ಪುಸ್ತಕಗಳು ಇದರಲ್ಲಿಯೂ ಒಂದೊಂದು ದಾರಿ. ನನ್ನ ಮತ, ಕಾಳಗಕ್ಕೆ ಮೊದಲು ನೋಡಕೂಡದು. ವೆಲಿಂಗ್ಟನ್ ವಾಟರ್ಲೂವಿನಲ್ಲಿ ತನ್ನ ಬಹುಪಾಲು ಸೈನ್ಯವನ್ನು ದಿಬ್ಬದ ಆಚೆಯ ಇಳಿಜಾರಿನಲ್ಲಿ ಮರೆಮಾಡಿ ನಿಲ್ಲಿಸಿದ್ದನು. ನೆಪೋಲಿಯನ್ನನಿಗೆ ದಿಬ್ಬವನ್ನು ಎತ್ತಿ ನೋಡುವ ಸೌಲಭ್ಯವಿರಲಿಲ್ಲ. ಮೇಲಿನ ಕಾಯಿಯಷ್ಟೇ ಕಾಣಲಿ. ಅಟ್ಟಿಯ ಎತ್ತರದಿಂದ ಎಷ್ಟಿವೆಯೆಂದು ಊಹಿಸಿಕೊಳ್ಳಲಿ. ಇದನ್ನೂ ಮೊದಲ ದಾಳ ಉರುಳುವ ಮುನ್ನವೇ ಒಪ್ಪಿಕೊಂಡಿರಬೇಕು, ಆಮೇಲಲ್ಲ. ಕಾಯಿ ಎತ್ತಲು ಬೆರಳಿಗಿಂತ ಚಿಮಟ ಲೇಸು. ನನ್ನ ವಯಸ್ಸಿನವರ ಕೈ ನಡುಗಿ ಅಟ್ಟಿ ಉರುಳಿದರೆ ಯಾವುದು ಯಾವುದರ ಕೆಳಗಿತ್ತೆಂದು ಮತ್ತೊಂದು ವ್ಯಾಜ್ಯ.

ಚೌಕಾಬಾರದ ಗಟ್ಟಿಯ ವಿಷಯಕ್ಕೆ ಮರಳುವುದಾದರೆ, ನಿಮ್ಮ ನಿಮ್ಮ ಮನೆಗಳಲ್ಲಿ ಆ ನಿಯಮ ಹೇಗಿತ್ತೆಂಬುದನ್ನು ನನಗೆ ಬರೆದು ತಿಳಿಸಿ. ಒಂಟಿ ಕಾಯಿ ಗಟ್ಟಿಯನ್ನು ದಾಟಿಹೋಗಬಹುದಿತ್ತೇ, ಗಟ್ಟಿ ನಡೆಯಬೇಕಾದರೆ ಎಷ್ಟು ಗರ ಬೀಳಬೇಕಿತ್ತು, ಯಾವ ಊರು, ಯಾರಿಂದ ಕಲಿತದ್ದು, ಇವಿಷ್ಟನ್ನು ಮರೆಯದೆ ಸೇರಿಸಿ. ಅಜ್ಜಿಯರನ್ನು ಕೇಳುವುದಿದ್ದರೆ ಬೇಗನೆ ಕೇಳಿ.